ಎಲ್ಲಾ ಇರುವಂಥದ್ದು

ಚಿಯಾತುರಾದಲ್ಲಿ ಬೆಳಗೆಂದರೆ
ತಂತಿಯ ಮೇಲೆ ತೂಗುತ್ತ ಇಳಿಯುವ ಕಬ್ಬಿಣದ ಡಬ್ಬಿಗಳು.
ನದಿಯ ಮೇಲೆ, ಮ್ಯಾಂಗನೀಸಿನ ಮಸಿ ಕುಡಿದ ಛಾವಣಿಗಳ ಮೇಲೆ
ಜನ ನಿಂತುಕೊಂಡೇ ಆಕಾಶ ದಾಟುತ್ತಾರೆ.
ಕೆಳಗಿನ ನಿಲ್ದಾಣದ ಪಕ್ಕ, ರೊಟ್ಟಿ ಅಂಗಡಿಗೆ ಬೆನ್ನು ಹಚ್ಚಿ
ನನ್ನದೊಂದು ಗೂಡು: ಒಡೆದ ಗಾಜು, ಚಾರ್ಜರು, ಸತ್ತ ಬ್ಯಾಟರಿ.

ನುಗ್ಜಾರ್ ಬಂದದ್ದು ಮಂಗಳವಾರ.
ಮೂವತ್ತೊಂದು ವರ್ಷ ಗಣಿಯಲ್ಲಿ ಬಂಡೆ ಸಿಡಿಸಿದವನು;
ಮಾತಾಡುವಾಗ ಬಲಗೆನ್ನೆಯನ್ನೇ ಮುಂದೆ ಮಾಡುತ್ತಾನೆ,
ಮುತ್ತು ಕೇಳುವ ಮಗುವಿನ ಹಾಗೆ.
"ಹಾಡು ಕೇಳುವ ಆ್ಯಪ್ ಹಾಕಿಕೊಡು, ಲಾಮಾರಾ.
ಎಲ್ಲಾ ಇರುವಂಥದ್ದು. ಈಗಿರುವುದರಲ್ಲಿ
ಒಬ್ಬ ಕಮ್ಮಿ."

ಒಬ್ಬನೆ? ಕೇಳಲಿಲ್ಲ ನಾನು. ಗಿರಾಕಿಗಳು ಏನೇನೋ ಅನ್ನುತ್ತಾರೆ.

ಮೊದಲನೆಯದು ಎರಡು ಹಾಡಿಗೊಮ್ಮೆ ಸೋಪು ಮಾರಿತು.
ಎರಡನೆಯದಕ್ಕೆ ಇಂಟರ್ನೆಟ್ಟಿಲ್ಲದೆ ಉಸಿರೇ ಇಲ್ಲ,
ತಂತಿಗಾಡಿ ಮೇಲೇರಿದರೆ ಮೂಕ.
ಮೂರನೆಯದು ಅತಿ ಜಾಣ: ಫೋಲ್ಡರುಗಳನ್ನೆಲ್ಲ ಕಲಸಿ
ಮದುವೆಯ ಹಾಡನ್ನು ಸಾವಿನ ಹಾಡಿನ ಪಕ್ಕ ಕೂರಿಸಿತು.
ನಾಲ್ಕನೆಯದರಲ್ಲಿ ಹತ್ತು ಪಟ್ಟಿಯ ಈಕ್ವಲೈಜರ್.
ಒಂದೊಂದನ್ನೇ ಉಗುರು ಸೀಳಿದ ಬೆರಳಲ್ಲಿ
ಏರಿಸಿದ, ಇಳಿಸಿದ, ಬಾವಿಗೆ ಕೊಡ ಬಿಟ್ಟವನಂತೆ ಬಗ್ಗಿ ಕೇಳಿದ.
"ಇಲ್ಲ. ಇದರಲ್ಲೂ ಇಲ್ಲ ಅವನು."

"ಯಾರು?"
"ಝಾಉರ್. ನನ್ನ ತಮ್ಮ."

ಎಂಬತ್ತಾರರ ಚಳಿಗಾಲ. ಗಣಿ ಕ್ಲಬ್ಬಿನ ಕೋಣೆ,
ರಾತ್ರಿ ಪಾಳಿ ಮುಗಿಸಿದ ಎಂಟು ಗಂಡಸರು, ಎರಡೇ ಮೈಕು.
ಝಾಉರನ ದನಿ ಎಲ್ಲರಿಗಿಂತ ಮೇಲೆ,
ಹುಂಜ ಕತ್ತು ಸೆಟೆಸಿದ ಹಾಗೆ;
ಒಂದು ಮೈಕು ಅವನೊಬ್ಬನಿಗೇ ಬಿಟ್ಟರಂತೆ,
ಉಳಿದವರು ಮುಳುಗದಿರಲಿ ಎಂದು.
ಟೇಪ್ ರೆಕಾರ್ಡರ್ ಸತ್ತು ಇಪ್ಪತ್ತು ವರ್ಷ. ಝಾಉರ್ ಸತ್ತು ಹದಿನಾಲ್ಕು.
ಮೊನ್ನೆ ಕುತೈಸಿಯ ಯಾವನೋ ಹುಡುಗ
ಕ್ಯಾಸೆಟ್ಟನ್ನು ಫೈಲು ಮಾಡಿಕೊಟ್ಟನಂತೆ.
"ಮಾಡುವಾಗ ನನ್ನ ತಮ್ಮನನ್ನು ಚೆಲ್ಲಿಬಿಟ್ಟಿದ್ದಾನೆ."

ಫೋನಿನ ಸ್ಪೀಕರು ಎಂದೋ ಹರಿದಿತ್ತು, ಅವನಿಗೆ ಇಯರ್‌ಫೋನೇ ಗತಿ.
ಅದನ್ನು ಅಂಗಿಗೆ ಒರೆಸಿ ನನ್ನ ಕಿವಿಗೆ ಸಿಕ್ಕಿಸಿಕೊಂಡೆ.
ಬಲದಲ್ಲಿ ಏಳು ಜನ, ದುಂಡಗೆ, ಒಲೆಯ ಸುತ್ತ ಕೂತವರಂತೆ.
ಎಡದಲ್ಲಿ, ಸೂಜಿ ಪೋಣಿಸುವಷ್ಟು ಹತ್ತಿರ,
ಒಬ್ಬ.

ಆಗ ನೋಡಿದೆ, ಅವನು ಮುಂದೆ ಮಾಡಿದ ಬಲಗೆನ್ನೆಯನ್ನು.

ಐದನೆಯದು ದುಡ್ಡಿನದು, ಹತ್ತು ರೊಟ್ಟಿಯ ಬೆಲೆ.
ನಿದ್ದೆಗೊಂದು ಗಡಿಯಾರ, ವೇಗಕ್ಕೊಂದು ಗಾಲಿ, ಹದಿನಾರು ಬಣ್ಣದ ಮುಖ,
ಹಾಡಿನ ಪದ ತೋರಿಸುವ ಕಿಟಕಿ;
ಎಲ್ಲ ದಾಟಿ ತಳದಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಯಂತೆ
ಯಾರೂ ಮುಟ್ಟದ ಗುಂಡಿ: ಮೊನೊ.
ಎರಡು ಕಡೆಯದನ್ನೂ ಒಂದೇ ಬಟ್ಟಲಿಗೆ ಸುರಿಯುತ್ತದೆ, ಅಷ್ಟೆ.

ಒತ್ತಿದೆ.

ಅಳುತ್ತಾನೆ ಅಂದುಕೊಂಡೆ. ಹುಬ್ಬು ಗಂಟಿಕ್ಕಿದ.
"ಮತ್ತೆ ಅವಸರ, ಕತ್ತೆ! ನಾವಿನ್ನೂ
ಉಸಿರು ಎಳೆದೇ ಇಲ್ಲ ಇಲ್ಲಿ."
ಹಲಗೆಯ ಮೇಲೆ ಬೆರಳು ಕುಟ್ಟಿ ಕುಟ್ಟಿ
ತಮ್ಮನನ್ನು ನಿಧಾನಕ್ಕೆ ಎಳೆಯಲು ನೋಡಿದ.
ರೊಟ್ಟಿಗೆ ಸಾಲು ನಿಂತವರು ತಿರುಗಿದರು:
ಕಿವಿಯಲ್ಲಿ ದಾರ, ಬಾಯಲ್ಲಿ ಬೈಗುಳ.

ನನಗೋ ಹುರುಪು. ಇನ್ನೊಂದು ಸೌಲಭ್ಯ ತೋರಿಸಿದೆ:
"ಹಾಡು ಹಾಡಿನ ನಡುವಿನ ಖಾಲಿಯನ್ನೂ ಇದು ತೆಗೆಯುತ್ತದೆ."
ಕೈ ಹಿಡಿದುಕೊಂಡ.
"ಅದಿರಲಿ. ಅಲ್ಲಿ ಕ್ಯಾಸೆಟ್ಟು ಮಗುಚಿದ್ದು.
ಅಷ್ಟು ಹೊತ್ತು ಅವನು ನನ್ನ ಹತ್ತಿರ ಬಂದು
ಸೇಬು ತಿಂದ."

ಚಿಲ್ಲರೆ ಎಣಿಸಿದ, ಸಾಲಲಿಲ್ಲ, ಗುರುವಾರ ಕೊಡುವೆ ಅಂದ.
ಡಬ್ಬಿಯ ಬಾಗಿಲು ಹಾಕುವವಳು ಕೂಗಿದಾಗ
ಓಡುತ್ತ ಓಡುತ್ತಲೇ, ಕೇಳದ ಎಡಗಿವಿಗೂ
ಒಂದು ಮೊಗ್ಗು ಸಿಕ್ಕಿಸಿಕೊಂಡ.
ಅಭ್ಯಾಸವೋ,
ಮರ್ಯಾದೆಯೋ.